ಕಿಟಕಿಯ ತೋಟಕ್ಕೆ ಕೊಟ್ಟೆ ಕಟ್ಟಿದ್ದು

ಮುಂಬಯಿಯ ಗೋರೆಗಾಂವ್ ಪೂರ್ವದಲ್ಲಿರುವ ನಮ್ಮ ಮೂರನೆಯ ಮಹಡಿಯ ಮನೆಯ ಕಿಟಕಿಯಿಂದ ಹೊರಗೆ ಚಾಚಿದ ಬಾಕ್ಸ್ ಗ್ರಿಲ್ ಏಳು ಅಡಿ ಉದ್ದ, ಎರಡು ಅಡಿ ಅಗಲ. ಮುಖ ನೈರುತ್ಯಕ್ಕೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆ ಮೇಲಿನಿಂದ ಬೀಳುವುದು ಕಡಿಮೆ, ಎದುರಿನಿಂದ ಬಂದು ಹೊಡೆಯುವುದೇ ಹೆಚ್ಚು. ಒಳಗಿರುವುದು ಎಲೆಬಳ್ಳಿಯ (ವೀಳ್ಯದೆಲೆಯ) ಎರಡು ಕುಂಡ, ಒಂದು ಮಲ್ಲಿಗೆ, ಒಂದು ಬಸಳೆ, ಎರಡು ಸೂಜಿಮೆಣಸು, ಚಳಿಗಾಲಕ್ಕೆ ಸೌತೆ. ಹಿಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಇವುಗಳಲ್ಲಿ ನೆಟ್ಟಗೆ ಉಳಿದದ್ದು ಮೆಣಸಿನ ಗಿಡಗಳು ಮಾತ್ರ. ಈ ಸಲ ಔಷಧಿಯ ಅಂಗಡಿಗೆ ಹೋಗುವ ಮೊದಲು ಗ್ರಿಲ್ಲಿನ ಒಳಗನ್ನು ಪೂರ್ತಿ ಬಿಚ್ಚಿ ಹೊಸದಾಗಿ ಜೋಡಿಸುವುದೆಂದು ತೀರ್ಮಾನಿಸಿದೆ. ಏಪ್ರಿಲ್ ಕೊನೆಯಿಂದ ಫೆಬ್ರುವರಿಯವರೆಗೆ ನಡೆದ ಆ ಕೆಲಸದ ವಿವರ ಇಲ್ಲಿದೆ.

ಮೊದಲು, ಗಿಡಗಳು ಸತ್ತದ್ದು ಯಾವುದರಿಂದ

ನರ್ಸರಿಯವರಿಗೆ ಎಲ್ಲ ರೋಗವೂ ‘ಫಂಗಸ್’. ಎಲ್ಲಕ್ಕೂ ಕಾರ್ಬೆಂಡಜಿಮ್ ಎಂಬ ಒಂದೇ ಬಿಳಿ ಪುಡಿಯನ್ನು ಪೊಟ್ಟಣ ಕಟ್ಟಿ ಕೊಡುತ್ತಾರೆ. ಸತ್ತ ಗಿಡಗಳನ್ನು ಬಿಸಾಡುವ ಮೊದಲು ಬುಡ ಬಿಡಿಸಿ ನೋಡಿದರೆ ಒಂದೊಂದರ ಕಥೆಯೂ ಬೇರೆಯಾಗಿತ್ತು.

ಎಲೆಬಳ್ಳಿಯ ಕಾಂಡ ಮಣ್ಣಿಗೆ ತಾಗುವ ಜಾಗದಲ್ಲಿ ಕಪ್ಪಾಗಿ, ಬೆರಳಿಟ್ಟರೆ ಲೋಳೆಯಾಗಿ ಸಿಪ್ಪೆ ಸುಲಿದು ಬರುತ್ತಿತ್ತು. ಮೇಲಿನ ಎಲೆಗಳಲ್ಲಿ ನೀರು ಕುಡಿದಂತಹ ದುಂಡನೆಯ ಕಂದು ಮಚ್ಚೆಗಳು. ಇದು ಫೈಟೊಫ್ತೊರಾ. ಅಡಿಕೆಗೆ ಕೊಳೆರೋಗ, ಕಾಳುಮೆಣಸಿಗೆ ಸೊರಗು ರೋಗ ತರುವ ಜಾತಿಗಳೂ ಇದೇ ಕುಲದವು. ರೂಢಿಯಲ್ಲಿ ಇದನ್ನು ಶಿಲೀಂಧ್ರ ಎನ್ನುತ್ತೇವೆ. ವಂಶದಲ್ಲಿ ಮಾತ್ರ ಇದು ಶಿಲೀಂಧ್ರಗಳಿಗಿಂತ ಪಾಚಿಗಳ ಕೆಲವು ಗುಂಪುಗಳಿಗೆ ಹತ್ತಿರ. ಇದರ ಬೀಜಾಣುಗಳಿಗೆ ಬಾಲವಿದೆ, ನೀರಿನಲ್ಲಿ ಈಜುತ್ತವೆ. ನಿಂತ ನೀರು ಸಿಕ್ಕಿದರೆ ಒಂದು ಬೇರಿನಿಂದ ಇನ್ನೊಂದು ಬೇರಿಗೆ ತಾವೇ ಹೋಗಿ ಅಂಟಿಕೊಳ್ಳುತ್ತವೆ. ಕಾರ್ಬೆಂಡಜಿಮ್ ಈ ಗುಂಪಿನ ಮೇಲೆ ಕೆಲಸ ಮಾಡುವುದೇ ಇಲ್ಲ. ಆ ಬಿಳಿ ಪುಡಿಯನ್ನು ಎಷ್ಟು ಸುರಿದರೂ ಎಲೆಬಳ್ಳಿ ಉಳಿಯುವ ಸಂಭವವಿರಲಿಲ್ಲ.

ಮಲ್ಲಿಗೆಯ ಬುಡದಲ್ಲಿ ಬೀಸಣಿಗೆಯ ಹಾಗೆ ಹರಡಿದ ಬಿಳಿ ನೂಲು, ಅದರ ನಡುವೆ ಸಾಸಿವೆ ಕಾಳಿನ ಗಾತ್ರದ ಕಂದು ಗುಂಡುಗಳು. ಇದು ಸ್ಕ್ಲಿರೋಷಿಯಂ ಎಂಬ ಶಿಲೀಂಧ್ರ. ಆ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲವು, ಆದ್ದರಿಂದ ಗಿಡ ಕಿತ್ತು ಅದೇ ಮಣ್ಣಿನಲ್ಲಿ ಇನ್ನೊಂದನ್ನು ನೆಡುವುದರಲ್ಲಿ ಅರ್ಥವಿಲ್ಲ.

ಬಸಳೆಯ ರೋಗ ಎಲ್ಲರೂ ಕಂಡದ್ದೇ. ಎಲೆಯ ತುಂಬ ನೇರಳೆ ಅಂಚಿನ ಸಣ್ಣ ಚುಕ್ಕೆಗಳು, ನಡುವೆ ಒಣಗಿ ತೂತು. ಬಳ್ಳಿ ಸಾಯುವುದಿಲ್ಲ. ಆದರೆ ತಿನ್ನುವುದೇ ಎಲೆಯಾದಾಗ ಬಳ್ಳಿ ಬದುಕಿ ಏನು ಪ್ರಯೋಜನ?

ಮೂರೂ ಬೇರೆ ಬೇರೆ ಜೀವಿಗಳು. ಮೂರಕ್ಕೂ ಬೇಕಾದದ್ದು ಒಂದೇ: ಒದ್ದೆ. ಎಲೆಚುಕ್ಕೆಯ ಬೀಜಾಣು ಮೊಳೆಯಲು ಎಲೆಯ ಮೇಲೆ ಕೆಲವು ಗಂಟೆಗಳ ಕಾಲ ನೀರಿನ ಪದರ ನಿಂತಿರಬೇಕು. ಫೈಟೊಫ್ತೊರಾ ಈಜಲು ಮಣ್ಣಿನ ಸಂದಿಗಳಲ್ಲಿ ನೀರು ತುಂಬಿರಬೇಕು. ಸ್ಕ್ಲಿರೋಷಿಯಮ್ಮಿಗೆ ಬುಡದಲ್ಲಿ ಬಿಸಿ ಮತ್ತು ತೇವ ಇರಬೇಕು. ಜುಲೈ ತಿಂಗಳೊಂದರಲ್ಲೇ ಸಾಂತಾಕ್ರೂಜ್‌ನ ಮಾಪಕದಲ್ಲಿ ಸರಾಸರಿ 800 ಮಿಲಿಮೀಟರಿಗಿಂತ ಹೆಚ್ಚು ಮಳೆ ದಾಖಲಾಗುವ ಊರು ಇದು. ಈ ಮೂರನ್ನೂ ನಾವು ಕೇಳದೆಯೇ ಒದಗಿಸುತ್ತದೆ.

ಕೊಟ್ಟೆ

ನಮ್ಮ ಮೂಲ ಶಿರಸಿ ಕಡೆ. ಅಡಿಕೆ ತೋಟದವರಿಗೆ ಕೊಳೆರೋಗ ಎಂದರೆ ಆ ವರ್ಷದ ಅನ್ನದ ಪ್ರಶ್ನೆ. ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬರುವುದಕ್ಕೂ ಮೊದಲು ನಮ್ಮವರು ಮಾಡುತ್ತಿದ್ದ ಉಪಾಯ ಕೊಟ್ಟೆ ಕಟ್ಟುವುದು. ಮಳೆ ಹಿಡಿಯುವ ಮೊದಲು ಅಡಿಕೆ ಕೊಯ್ಯುವ ಕೊನೆಗೌಡ ಮರ ಹತ್ತಿ ಪ್ರತಿ ಅಡಿಕೆ ಗೊನೆಗೂ ಒಂದು ಹೊದಿಕೆ ಕಟ್ಟಿ ಇಳಿಯುತ್ತಿದ್ದ. ಕೊಡೆಯ ಹಾಗೆ ಅದು ನೀರನ್ನು ಆಚೆಗೆ ಹಾಯಿಸುತ್ತಿತ್ತು, ಕೆಳಗಿನಿಂದ ಗಾಳಿ ಆಡುತ್ತಿತ್ತು. ಬೀಜಾಣು, ಸೂಕ್ಷ್ಮದರ್ಶಕ ಒಂದೂ ಗೊತ್ತಿಲ್ಲದ ಕಾಲದಲ್ಲಿ ಕಾಯಿ ಒದ್ದೆಯಾಗದಿದ್ದರೆ ಕೊಳೆಯುವುದಿಲ್ಲ ಎಂಬುದನ್ನು ಕಂಡುಕೊಂಡಿದ್ದರು.

1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬೆನ್ನು ಹತ್ತಿ 1910ರಲ್ಲಿ ಅದರ ಬಗ್ಗೆ ಪ್ರಕಟಿಸಿದರು. ಮೈಸೂರಿನ ಮಲೆನಾಡಿನಲ್ಲಿ ಬೋರ್ಡೋ ಸಿಂಪಡಣೆ ಬೇರೂರಿದ್ದು ಅವರ ಕೆಲಸದಿಂದ. ಶಿರಸಿ ಆಗ ಮೈಸೂರಿನಲ್ಲಿರಲಿಲ್ಲ, ಮುಂಬಯಿ ಪ್ರಾಂತ್ಯದಲ್ಲಿತ್ತು. ಅದೇ ಮುಂಬಯಿಯಲ್ಲಿ ಕುಳಿತು ನಾನು ಈಗ ಕೊಟ್ಟೆಯ ಲೆಕ್ಕ ಹಾಕುತ್ತಿರುವುದು ನನಗೇ ತಮಾಷೆಯಾಗಿ ಕಾಣುತ್ತದೆ.

ಮೇ: ಮಾಡು (ಚಾವಣಿ), ಮಣೆ, ಗಾಳಿ

ಗ್ರಿಲ್ಲಿನ ಮೇಲೆ ಹಿಂದೆ ಇದ್ದದ್ದು ಸಮತಟ್ಟಾದ ತಗಡು. ಗೋಡೆಗೆ ಅಂಟಿಕೊಂಡಿದ್ದರಿಂದ ಒಳಗಿನ ಬಿಸಿ ಗಾಳಿಗೆ ಹೊರಗೆ ಹೋಗಲು ದಾರಿಯಿರಲಿಲ್ಲ, ಬೆಳಕೂ ಕಡಿಮೆ. ಅದನ್ನು ತೆಗೆಸಿ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆ ಹಾಕಿದೆ. ಗೋಡೆಯ ಕಡೆ ಎತ್ತರ, ಹೊರಗಡೆ ತಗ್ಗು. ಇಳಿಜಾರು ಅಡಿಗೆ ಎರಡೂವರೆ ಇಂಚು. ಗೋಡೆಗೂ ಹಾಳೆಗೂ ನಡುವೆ ನಾಲ್ಕು ಬೆರಳು ಸಂದಿ ಬಿಟ್ಟು, ಆ ಸಂದಿಯ ಮೇಲೆ ಇನ್ನೊಂದು ಚಿಕ್ಕ ಪಟ್ಟಿಯನ್ನು ಎತ್ತರಿಸಿ ಕೂರಿಸಿದೆ. ಬಿಸಿ ಗಾಳಿ ಅಲ್ಲಿಂದ ಹೊರಡುತ್ತದೆ, ಮಳೆ ಒಳಗೆ ಬರುವುದಿಲ್ಲ. ಹಾಳೆಯ ತಗ್ಗಿನ ಅಂಚು ಗ್ರಿಲ್ಲಿನಿಂದ ಒಂದು ಗೇಣು ಹೊರಗೆ ಚಾಚಿಕೊಂಡಿದೆ.

ಪಾಲಿಕಾರ್ಬೊನೇಟಿಗೆ ತೂತು ಕೊರೆಯುವಾಗ ಬೋಲ್ಟಿಗಿಂತ ಎರಡು ಮಿಲಿಮೀಟರ್ ದೊಡ್ಡದಾಗಿ ಕೊರೆಯಬೇಕು. ಬಿಸಿಲಿಗೆ ಹಾಳೆ ಹಿಗ್ಗುತ್ತದೆ. ಬಿಗಿಯಾದ ತೂತಿನ ಸುತ್ತ ಬಿರುಕು ಬಿಡುತ್ತದೆ. ರಬ್ಬರ್ ವಾಷರ್ ಹಾಕಿ, ಬೋಲ್ಟನ್ನು ಕೈಬಿಗಿಗಿಂತ ಅರ್ಧ ಸುತ್ತು ಹೆಚ್ಚು ತಿರುಗಿಸಿದರೆ ಸಾಕು. ಹಾಳೆಯ ಒಂದು ಮೈಗೆ ಮಾತ್ರ ಅತಿನೇರಳೆ ಕಿರಣ ತಡೆಯುವ ಲೇಪ ಇರುತ್ತದೆ. ಅಂಗಡಿಯವರು ಅದರ ಮೇಲೆ ಅಂಟಿಸಿರುವ ಮುದ್ರಿತ ಪ್ಲಾಸ್ಟಿಕ್ ಪದರವನ್ನು ಕೀಳುವ ಮೊದಲೇ ಯಾವುದು ಮೇಲ್ಮೈ ಎಂದು ಪೆನ್ನಿನಲ್ಲಿ ಗುರುತು ಮಾಡಿಕೊಳ್ಳಿ. ಕಿತ್ತ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಎದುರು ಮಳೆಗೆ ಮಾಡು ಸಾಲುವುದಿಲ್ಲ. ನೈರುತ್ಯದ ಬದಿಗೆ ದಪ್ಪ ಪಾರದರ್ಶಕ ಪ್ಲಾಸ್ಟಿಕ್ಕಿನ ಸುರುಳಿ ಪರದೆ ಕಟ್ಟಿದೆ. ಮಳೆಯಿಲ್ಲದಾಗ ಸುತ್ತಿ ಮೇಲೆತ್ತುವುದು. ಇಳಿಬಿಟ್ಟಾಗಲೂ ಕೆಳಗಿನ ಮೂರನೆಯ ಒಂದು ಭಾಗ ತೆರೆದೇ ಇರಬೇಕು. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಗಿಡಗಳು ಬಿಟ್ಟ ಉಸಿರೇ ನೀರಾಗಿ ಎಲೆಯ ಮೇಲೆ ಕೂರುತ್ತದೆ, ಆಗ ಮಳೆ ತಡೆದದ್ದೂ ವ್ಯರ್ಥ.

ಗಾಳಿಗಾಗಿ ಹಳೆಯ ಕಂಪ್ಯೂಟರಿನ 120 ಮಿಲಿಮೀಟರ್ ಫ್ಯಾನ್ ಒಂದನ್ನು ಮೂಲೆಯಲ್ಲಿ ಕೇಬಲ್ ಟೈ ಹಾಕಿ ಕಟ್ಟಿದೆ. 12 ವೋಲ್ಟಿನದು, ಕೆಟ್ಟ ವೈಫೈ ರೂಟರಿನ ಅಡಾಪ್ಟರ್ ಇದಕ್ಕೆ ಸರಿಹೋಯಿತು. ಅಡಾಪ್ಟರ್ ಮತ್ತು ಪ್ಲಗ್ ಮನೆಯ ಒಳಗೇ ಇವೆ, ಹೊರಗೆ ಹೋಗುವುದು ತೆಳುವಾದ ತಂತಿ ಮಾತ್ರ. ಒದ್ದೆ ಜಾಗಕ್ಕೆ 230 ವೋಲ್ಟಿನ ಮೇಜಿನ ಫ್ಯಾನ್ ಇಡುವ ಯೋಚನೆಯನ್ನೇ ಮಾಡಬೇಡಿ. ಗಾಳಿ ಜೋರಾಗಿ ಬೀಸುವುದು ಬೇಡ. ಎಲೆಯ ತುದಿ ಅಲುಗಾಡಿದರೆ ಸಾಕು.

ಕುಂಡಗಳ ಕೆಳಗೆ ಪಿವಿಸಿ ಪೈಪಿನಿಂದ ಮಣೆ ಮಾಡಿ ಗ್ರಿಲ್ಲಿನ ತಳದಿಂದ ನಾಲ್ಕು ಇಂಚು ಎತ್ತರಿಸಿದೆ. ತಳದ ತೂತುಗಳು ತಗಡಿಗೆ ಅಂಟಿ ಮುಚ್ಚಿಹೋಗುವುದು ತಪ್ಪಿತು. ಮಣೆಯ ಕೆಳಗೆ ಉದ್ದಕ್ಕೆ ಸೀಳಿದ ನಾಲ್ಕಿಂಚಿನ ಪೈಪು, ಒಂದು ಕಡೆ ತುಸು ತಗ್ಗಿಸಿ, ತುದಿಯಲ್ಲಿ ಬಕೆಟ್. ಇದು ಗಿಡಗಳಿಗಾಗಿ ಮಾಡಿದ್ದಲ್ಲ, ಎರಡನೆಯ ಮಹಡಿಯ ಕಾಕೂ ಅವರಿಗಾಗಿ. ಅವರ ಒಗೆದ ಬಟ್ಟೆಯ ಮೇಲೆ ನಮ್ಮ ಕೆಂಪು ನೀರು ಹನಿಯುತ್ತದೆ ಎಂಬ ದೂರು ಸೊಸೈಟಿಯ ಸಭೆಯವರೆಗೂ ಹೋಗಿತ್ತು. ಪೈಪು ಕೂರಿಸಿದ ದಿನ ಅವರೇ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಒಂದು ಬಕೆಟ್ ನೀರು ಸುರಿದು ನೋಡಿ, ನಾನು ಇಲ್ಲೇ ನಿಂತಿರುತ್ತೇನೆ” ಎಂದರು. ಸುರಿದೆ. ಹನಿಯಲಿಲ್ಲ. ಈ ಇಡೀ ಕೆಲಸಕ್ಕೆ ಸಿಕ್ಕ ಒಂದೇ ಅಧಿಕೃತ ಪರೀಕ್ಷೆ ಅದು.

ಮಣ್ಣು

ಇಲ್ಲಿನ ನರ್ಸರಿಗಳಲ್ಲಿ ‘ಲಾಲ್ ಮಿಟ್ಟಿ’ ಎಂದು ಚೀಲ ಕಟ್ಟಿ ಮಾರುವ ಮಣ್ಣು ಒದ್ದೆಯಾದಾಗ ಅಂಟು, ಒಣಗಿದಾಗ ಇಟ್ಟಿಗೆ. ಅದೊಂದನ್ನೇ ತುಂಬಿದರೆ ಮಳೆಗಾಲದಲ್ಲಿ ಬೇರು ಉಸಿರಾಡುವುದಿಲ್ಲ. ನಾನು ಮಾಡಿದ ಮಿಶ್ರಣ: ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ತೊಳೆದ ತೆಂಗಿನ ನಾರಿನ ಪುಡಿ ಮತ್ತು ಸಿಪ್ಪೆಯ ತುಣುಕು, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ದಪ್ಪ ಮರಳು. ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ನೀರು ಹಾಕಿದರೆ ಅರ್ಧ ನಿಮಿಷದೊಳಗೆ ತಳದಿಂದ ಹೊರಬರಬೇಕು; ಬರದಿದ್ದರೆ ಮರಳು ಹೆಚ್ಚಿಸುವುದು.

ಕುಂಡದ ತಳಕ್ಕೆ ಜಲ್ಲಿಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆಗುವುದು ಅದರ ತಿರುಗುಮುರುಗು. ಸಣ್ಣ ಕಣಗಳ ಮಣ್ಣಿನಿಂದ ದೊಡ್ಡ ಸಂದಿಗಳಿರುವ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ಅಲ್ಲೇ ತಡೆದು ನಿಲ್ಲುತ್ತದೆ. ಅಂದರೆ ತಳದಲ್ಲಿರುತ್ತಿದ್ದ ಕೆಸರಿನ ಪದರ ಜಲ್ಲಿಯಷ್ಟು ಎತ್ತರಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ತೂತಿನ ಮೇಲೆ ಸೊಳ್ಳೆ ಪರದೆಯ ತುಂಡೊಂದನ್ನು ಇಟ್ಟು ನೇರವಾಗಿ ಮಣ್ಣು ತುಂಬಿ.

ಹಳೆಯ ಮಣ್ಣನ್ನು ಎಸೆಯಲಿಲ್ಲ. ಒದ್ದೆ ಮಾಡಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಕೆಳಗೆ ತಾರಸಿಯಲ್ಲಿ ನಾಲ್ಕಿಂಚು ದಪ್ಪಕ್ಕೆ ಹರಡಿ, ಅಂಚುಗಳನ್ನು ಇಟ್ಟಿಗೆಯಿಂದ ಮುಚ್ಚಿ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಬಿಸಿಲಿಗೆ ಬಿಟ್ಟೆ. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯ ಕೆಳಗೆ ಮಣ್ಣು ಹೆಚ್ಚು ಕಾಯುತ್ತದೆ, ಏಕೆಂದರೆ ಬಿಸಿಲು ನೇರ ಮಣ್ಣಿಗೇ ತಾಗುತ್ತದೆ. ಮಣ್ಣು ಒದ್ದೆಯಿರಲೇಬೇಕು, ಒಣ ಮಣ್ಣಿನಲ್ಲಿ ಬೀಜಾಣುಗಳು ಬಿಸಿಗೆ ಅಷ್ಟಾಗಿ ಸಾಯುವುದಿಲ್ಲ. ಆದರೆ ಮಲ್ಲಿಗೆಯ ಕುಂಡದ ಸಾಸಿವೆ ಗುಂಡುಗಳಿದ್ದ ಮೇಲಿನ ಮಣ್ಣನ್ನು ಇದಕ್ಕೆ ಸೇರಿಸದೆ ಕಸಕ್ಕೆ ಹಾಕಿದೆ. ಅಷ್ಟು ನಂಬಿಕೆ ನನಗೆ ಮುಂಬಯಿಯ ಬಿಸಿಲಿನ ಮೇಲಿಲ್ಲ.

ಬಿಸಿಲಿಗೆ ಬೆಂದ ಮಣ್ಣಿನಲ್ಲಿ ಒಳ್ಳೆಯ ಜೀವಿಗಳೂ ಕಡಿಮೆಯಾಗಿರುತ್ತವೆ. ಖಾಲಿ ಜಾಗಕ್ಕೆ ಮೊದಲು ಬಂದವರದೇ ರಾಜ್ಯ. ಆದ್ದರಿಂದ ರೋಗದ ಶಿಲೀಂಧ್ರಗಳನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರವನ್ನು ಬೆಳೆಸಿ ಸೇರಿಸಿದೆ. ಹತ್ತು ಕಿಲೋ ಎರೆಹುಳು ಗೊಬ್ಬರಕ್ಕೆ ನೂರು ಗ್ರಾಂ ಟ್ರೈಕೋಡರ್ಮಾ ಪುಡಿ, ಒಂದು ಕಿಲೋ ಬೇವಿನ ಹಿಂಡಿ, ತೇವಕ್ಕೆ ತೆಳ್ಳನೆಯ ಬೆಲ್ಲದ ನೀರು. ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ಇಳಿಯಬಾರದು. ನೆರಳಿನಲ್ಲಿ ಒದ್ದೆ ಗೋಣಿ ಹೊದಿಸಿ ಎರಡು ವಾರ, ನಡುನಡುವೆ ತಿರುವಿ ಹಾಕುತ್ತಾ ಇಟ್ಟರೆ ಮೇಲೆ ಹಸಿರು ಬೂಷ್ಟು ಕಾಣುತ್ತದೆ. ಅದೇ ಬೇಕಾದದ್ದು. ಕೊಳ್ಳುವಾಗ ಪೊಟ್ಟಣದ ಮೇಲಿನ ತಯಾರಿಕೆಯ ತಾರೀಖು ನೋಡಿ. ಇದು ಜೀವಂತ ವಸ್ತು, ಬಿಸಿಲಿನ ಗೋದಾಮಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ ಉಳಿಯುವುದು ಬರಿ ಟಾಲ್ಕ್ ಪುಡಿ.

ಜೂನ್: ಮದ್ದು

“ತಮ್ಮಾ, ಕೊಟ್ಟೆ ಕಟ್ಟಿದ್ದು ಸರಿ. ಮದ್ದು ಯಾವಾಗ ಹೊಡೆಯುತ್ತೀಯಾ?” ಎಂದು ಅಪ್ಪಯ್ಯ ಫೋನಿನಲ್ಲಿ ಕೇಳಿದರು. ಶಿರಸಿಯವರ ಬಾಯಲ್ಲಿ ಮದ್ದು ಎಂದರೆ ಬೋರ್ಡೋ. ಕುಂಡದ ಗಿಡಕ್ಕೂ ಅದು ಬೇಕೇ ಎಂದರೆ, “ಮಳೆ ಹಿಡಿಯುವ ಮೊದಲು ಒಂದು, ನಲವತ್ತು ದಿನದ ಮೇಲೆ ಇನ್ನೊಂದು. ಮರ ಇದ್ದರೂ ಅಷ್ಟೇ, ಬಳ್ಳಿ ಇದ್ದರೂ ಅಷ್ಟೇ” ಎಂದರು.

ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ತಗಲದಿದ್ದುದನ್ನು ಗಮನಿಸಿದ ಸಸ್ಯಶಾಸ್ತ್ರಜ್ಞ ಮಿಯಾರ್ದೆ ಅದನ್ನು 1885ರಲ್ಲಿ ಔಷಧಿಯಾಗಿ ಪ್ರಕಟಿಸಿದರು. ಕಳ್ಳರ ಭಯದಿಂದ ಹುಟ್ಟಿದ ಮದ್ದು ನಮ್ಮ ಅಡಿಕೆಯನ್ನು ಕಾಯುತ್ತಿದೆ.

ಶೇಕಡಾ 1ರ ದ್ರಾವಣವೆಂದರೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಟ್ಟ ಸುಣ್ಣ. ನನಗೆ ಬೇಕಾದದ್ದು ಅರ್ಧ ಲೀಟರ್. ಐದು ಗ್ರಾಂ ಮೈಲುತುತ್ತನ್ನು ಕಾಲು ಲೀಟರ್ ನೀರಿನಲ್ಲಿ, ಸುಣ್ಣವನ್ನು ಇನ್ನೊಂದು ಕಾಲು ಲೀಟರಿನಲ್ಲಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಕರಗಿಸಿ, ನೀಲಿ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಲೋಹದ ಪಾತ್ರೆ ಕೂಡದು. ಬಣ್ಣ ಆಕಾಶನೀಲಿಗೆ ಬರುತ್ತದೆ.

ಹೊಸದಾಗಿ ಸುಟ್ಟ ಸುಣ್ಣ ಇಲ್ಲಿ ಹುಡುಕಿದರೂ ಸಿಗಲಿಲ್ಲ. ಪಾನ್ ಅಂಗಡಿಯ ಕವಳದ ಸುಣ್ಣವನ್ನೇ ತಂದೆ. ಅದರಲ್ಲಿ ಎಷ್ಟು ನೀರಿದೆಯೋ ಗೊತ್ತಿಲ್ಲದ್ದರಿಂದ ತೂಕ ನಂಬುವಂತಿಲ್ಲ, ಚಾಕುವಿನ ಪರೀಕ್ಷೆಯೇ ಗತಿ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವಿನ ತುದಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಬಿಡಿಯಾಗಿದೆ, ಅದು ಎಲೆಯನ್ನು ಸುಡುತ್ತದೆ. ಚಾಕು ಬೆಳ್ಳಗೇ ಉಳಿಯುವವರೆಗೆ ಸುಣ್ಣ ಸೇರಿಸುತ್ತಾ ಹೋಗುವುದು. ತುಕ್ಕು ಹಿಡಿಯದ ಸ್ಟೀಲಿನ ಅಡುಗೆಮನೆಯ ಚಾಕು ಈ ಪರೀಕ್ಷೆಗೆ ಬರುವುದಿಲ್ಲ. ನಾನು ಬಳಸಿದ್ದು ಒಂದು ದೊಡ್ಡ ಕಬ್ಬಿಣದ ಮೊಳೆ.

ಮಾಡಿದ ದಿನವೇ ಮುಗಿಸಬೇಕು. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಮಲ್ಲಿಗೆಗೆ ಮೈಪೂರ್ತಿ ಸಿಂಪಡಿಸಿದೆ. ಎಲೆಬಳ್ಳಿಗೆ ಮಾತ್ರ ಕೆಳಗಿನ ಒಂದು ಗೇಣು ಎಲೆಗಳನ್ನೆಲ್ಲ ಕಿತ್ತು, ಬರಿಯ ಕಾಂಡಕ್ಕೆ ಕುಂಚದಿಂದ ಹಚ್ಚಿದೆ. ಕವಳಕ್ಕೆ ಕೊಯ್ಯುವ ಎಲೆಯ ಮೇಲೆ ತಾಮ್ರ ಬೇಡ. ಮಣ್ಣಿಗೂ ಬೀಳದಂತೆ ಪ್ಲಾಸ್ಟಿಕ್ ತುಂಡು ಹಾಸಿದ್ದೆ, ಏಕೆಂದರೆ ತಾಮ್ರ ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ, ಎರೆಹುಳುವಿಗೂ ಒಗ್ಗುವುದಿಲ್ಲ, ಮತ್ತು ಒಮ್ಮೆ ಸೇರಿದರೆ ಕುಂಡದಿಂದ ಹೋಗುವುದೂ ಇಲ್ಲ. ತೋಟದಲ್ಲಿ ಮಳೆ ಅದನ್ನು ಹರಡುತ್ತದೆ, ಹನ್ನೆರಡು ಇಂಚಿನ ಕುಂಡಕ್ಕೆ ಆ ಭಾಗ್ಯವಿಲ್ಲ. ಬಸಳೆಗೆ ಬೋರ್ಡೋ ಸೋಕಿಸಲೇ ಇಲ್ಲ. ಅದಕ್ಕೆ ಬುಡದ ಹೊದಿಕೆಯೇ ಮದ್ದು: ಮಣ್ಣಿನ ಮೇಲೆ ತೆಂಗಿನ ಸಿಪ್ಪೆಯನ್ನು ಮಗುಚಿ ಹಾಸಿದರೆ ನೀರು ಹಾಕುವಾಗ ಮಣ್ಣು ಚಿಮ್ಮಿ ಕೆಳಗಿನ ಎಲೆಗೆ ತಾಗುವುದಿಲ್ಲ. ಚುಕ್ಕೆ ಬಂದ ಎಲೆಯನ್ನು ಕಂಡ ಕೂಡಲೇ ಕಿತ್ತು ಕಸದ ಚೀಲಕ್ಕೆ ಹಾಕುವುದು. ಗೊಬ್ಬರದ ಡಬ್ಬಿಗೆ ಅಲ್ಲ.

ಊಟ

ಜೀವಾಮೃತದ ಬಗ್ಗೆ ಮೊದಲು. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರ ಲೆಕ್ಕದಲ್ಲಿ 200 ಲೀಟರ್ ನೀರಿಗೆ 10 ಕಿಲೋ ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ಬೇಳೆಯ ಹಿಟ್ಟು, ಒಂದು ಹಿಡಿ ಮಣ್ಣು. ಫ್ಲ್ಯಾಟಿನವರು ಇಪ್ಪತ್ತರಿಂದ ಭಾಗಿಸಿಕೊಳ್ಳಬಹುದು: ಹತ್ತು ಲೀಟರಿಗೆ ಅರ್ಧ ಕಿಲೋ ಸಗಣಿ, ನೂರು ಗ್ರಾಂ ಬೆಲ್ಲ, ನೂರು ಗ್ರಾಂ ಕಡಲೆ ಹಿಟ್ಟು. ಗೋರೆಗಾಂವ್‌ನಲ್ಲಿ ಸಗಣಿಗೆ ಬರವಿಲ್ಲ. ಆರೆ ಕಡೆಯ ತಬೇಲಾಗಳಲ್ಲಿ ಕೇಳಿದರೆ ಬಕೆಟ್ ತುಂಬ ಕೊಡುತ್ತಾರೆ. ಆದರೆ ಅದು ಎಮ್ಮೆಯದು. ಪಾಳೇಕರ್ ಒಪ್ಪಲಿಕ್ಕಿಲ್ಲ, ನನ್ನ ಗಿಡಗಳು ಒಪ್ಪಿದವು. ನೆರಳಿನಲ್ಲಿ ಎರಡು ದಿನ, ಹೊತ್ತಿಗೊಮ್ಮೆ ಕಲಕಿ, ವಾರದೊಳಗೆ ಮುಗಿಸಿದೆ. ಮುಚ್ಚಳ ಬಿಗಿಮಾಡಬಾರದು.

ಇದನ್ನು ಊಟ ಎಂದು ನಾನು ಲೆಕ್ಕ ಹಿಡಿಯುವುದಿಲ್ಲ. ಹತ್ತು ಪಟ್ಟು ನೀರು ಬೆರೆಸಿದ ಮೇಲೆ ಅದರಲ್ಲಿ ಉಳಿಯುವ ಸಾರಜನಕ ಅತ್ಯಲ್ಪ. ಅದು ಮಣ್ಣಿನ ಜೀವಿಗಳಿಗೆ ಹಾಕುವ ಹೆಪ್ಪು. ಗಿಡದ ಹೊಟ್ಟೆ ತುಂಬಿಸುವುದು ಹಿಂಡಿ. ಕರಾವಳಿಯ ಮಲ್ಲಿಗೆ ಬೆಳೆಗಾರರು ನೆಲಗಡಲೆ ಹಿಂಡಿಯನ್ನು ಸಗಣಿ ನೀರಿನಲ್ಲಿ ಕೊಳೆಯಿಸಿ ಬುಡಕ್ಕೆ ಹಾಕುತ್ತಾರೆ. ನಾನೂ ಅದನ್ನೇ ಚಿಕ್ಕದಾಗಿ ಮಾಡಿದೆ. ನೂರು ಗ್ರಾಂ ಹಿಂಡಿ, ಎರಡು ಲೀಟರ್ ನೀರು, ನಾಲ್ಕು ದಿನ, ಆಮೇಲೆ ಸೋಸಿ ಹತ್ತು ಪಟ್ಟು ತೆಳು ಮಾಡಿ ಕುಂಡಕ್ಕೆ ಅರ್ಧ ಲೀಟರ್. ಸೋಸಿದ ಗಸಿಯನ್ನು ಮಣ್ಣಿನ ಮೇಲೆ ಹಾಗೇ ಬಿಟ್ಟರೆ ಅದರ ಮೇಲೆ ಬೂಷ್ಟು ಬೆಳೆದು ನೊಣ ಮುತ್ತುತ್ತದೆ. ಎರಡಿಂಚು ಆಳಕ್ಕೆ ಹೂಳಬೇಕು. ವಾಸನೆಯ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಮೂರನೆಯ ದಿನ ಡಬ್ಬಿ ತೆರೆದಾಗ ಹೆಂಡತಿ, “ಇದನ್ನು ಮಲ್ಲಿಗೆಗೆ ಹಾಕುತ್ತೀರೋ, ಶತ್ರುಗಳಿಗೋ?” ಎಂದು ಕೇಳಿದಳು. ಈಗ ಆ ಕೆಲಸ ರಾತ್ರಿ ಹನ್ನೊಂದರ ಮೇಲೆ, ಕಾಕೂ ಅವರ ಕಿಟಕಿ ಮುಚ್ಚಿದ ನಂತರ.

ರೋಗಕ್ಕೂ ಊಟಕ್ಕೂ ಇರುವ ನಂಟನ್ನು ಜನ ಮರೆಯುತ್ತಾರೆ. ಜುಲೈನಲ್ಲಿ ಮೋಡ ಕವಿದಿರುತ್ತದೆ, ಬೆಳಕಿಲ್ಲ, ಗಿಡದ ಬೆಳವಣಿಗೆ ತಾನಾಗಿಯೇ ನಿಧಾನ. ಆಗ ಹಿಂಡಿ ನೀರು ಸುರಿದರೆ ಎಲೆಗಳು ಅಗಲವಾಗಿ, ಗಾಢ ಹಸಿರಾಗಿ, ಮೃದುವಾಗಿ ಬರುತ್ತವೆ. ನೋಡಲು ಚೆಂದ, ಗೋಡೆ ತೆಳುವಾದ ಅಂತಹ ಜೀವಕೋಶದೊಳಗೆ ಶಿಲೀಂಧ್ರ ನುಗ್ಗುವುದೂ ಸುಲಭ. ಆದ್ದರಿಂದ ಜೂನ್ ಮಧ್ಯದಿಂದ ಹಿಂಡಿ ನಿಲ್ಲಿಸಿ, ತಿಂಗಳಿಗೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ ಮಾತ್ರ ಕೊಟ್ಟೆ. ಗಣಪತಿ ಮುಳುಗಿ ಬಿಸಿಲು ಮರಳಿದ ಮೇಲೆ ಹಿಂಡಿ ಮತ್ತೆ ಶುರು. ಸಗಣಿಯ ನೀರನ್ನು ಬಸಳೆಯ ಎಲೆಗೆ ತಾಗಿಸದೆ ಮಣ್ಣಿಗೇ ಹಾಕಬೇಕು, ಹಾಕಿದ ವಾರ ಕೊಯ್ಯಬಾರದು. ಅದು ಗಿಡದ ರೋಗದ ಮಾತಲ್ಲ, ನಮ್ಮ ಹೊಟ್ಟೆಯ ಮಾತು.

ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಮೊಟ್ಟೆಯ ಚಿಪ್ಪು, ಚಹಾ ಪುಡಿ ಇವೆಲ್ಲ ಗೊಬ್ಬರದ ಡಬ್ಬಿಗೆ ಹೋಗಲಿ. ನೇರವಾಗಿ ಕುಂಡಕ್ಕೆ ಹಾಕಿ ಪವಾಡ ಕಾಯುವುದರಲ್ಲಿ ನನಗೆ ಆಸಕ್ತಿಯಿಲ್ಲ. ಅಕ್ಕಚ್ಚು (ಅಕ್ಕಿ ತೊಳೆದ ನೀರು) ಹಾಕುವುದಾದರೆ ಬೇಸಿಗೆಯಲ್ಲಿ ಹಾಕಿ. ಮಳೆಗಾಲದಲ್ಲಿ ಅದರ ಗಂಜಿ ಮಣ್ಣಿನ ಮೇಲೆ ಪದರ ಕಟ್ಟುತ್ತದೆ.

ಮಳೆಗಾಲ ಏನು ಹೇಳಿತು

ಎಲೆಬಳ್ಳಿ ಎರಡೂ ಉಳಿದವು. ಒಂದರಲ್ಲಿ ಆಗಸ್ಟಿನಲ್ಲಿ ನಾಲ್ಕಾರು ಎಲೆಗೆ ಕಂದು ಮಚ್ಚೆ ಬಂತು, ಪರದೆಯ ಅಂಚಿನಿಂದ ನೀರು ಸಿಡಿಯುತ್ತಿದ್ದ ಜಾಗದಲ್ಲೇ. ಕುಂಡವನ್ನು ಒಂದಡಿ ಒಳಗೆ ಸರಿಸಿ ಎಲೆ ಕಿತ್ತ ಮೇಲೆ ಮುಂದುವರಿಯಲಿಲ್ಲ. ಹೊಸ ಮಲ್ಲಿಗೆ ಗಿಡದ ಬುಡ ಚೊಕ್ಕಟವಾಗಿದೆ. ಬಸಳೆಯಲ್ಲಿ ಚುಕ್ಕೆ ಪೂರ್ತಿ ಹೋಗಲಿಲ್ಲ, ಆದರೆ ಮೇಲಿನ ಅರ್ಧ ಬಳ್ಳಿಯ ಎಲೆ ಹುಳಿಗೆ ಬಳಸುವಂತಿತ್ತು. ಬೋರ್ಡೋ ಬಳಿಯದ ಬಸಳೆಯಲ್ಲೂ ಈ ಬದಲಾವಣೆ ಕಂಡದ್ದರಿಂದ, ಹೆಚ್ಚಿನ ಪಾಲು ಕೆಲಸ ಮಾಡಿದ್ದು ಮಾಡು, ಸಂದಿ ಮತ್ತು ಫ್ಯಾನ್ ಎಂದೇ ನನ್ನ ತೀರ್ಮಾನ. ಅಪ್ಪಯ್ಯ ಒಪ್ಪುವುದಿಲ್ಲ. ಅವರ ಪ್ರಕಾರ ಎಲೆಬಳ್ಳಿ ಉಳಿಸಿದ್ದು ಮದ್ದು.

ಚಳಿಗಾಲದ ಬೂದಿ

ಡಿಸೆಂಬರಿನಲ್ಲಿ ಲೆಕ್ಕವೆಲ್ಲ ತಿರುಗಿ ಬೀಳುತ್ತದೆ. ಮಳೆಯಿಲ್ಲ, ಎಲೆ ಒಣಗಿಯೇ ಇರುತ್ತದೆ, ಆದರೂ ಸೌತೆಯ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿ ಮಚ್ಚೆ. ಇದು ಬೂದಿ ರೋಗ. ಮೊದಲು ಇದನ್ನು ಬೂಜು ರೋಗದಿಂದ ಬೇರ್ಪಡಿಸಿಕೊಳ್ಳಬೇಕು. ಬೂಜು ರೋಗದಲ್ಲಿ ಎಲೆಯ ಮೇಲೆ ನರಗಳ ನಡುವೆ ಚೌಕಾಕಾರದ ಹಳದಿ ಮಚ್ಚೆ, ಅಡಿಯಲ್ಲಿ ಬೂದುಬಣ್ಣದ ಬೂಷ್ಟು. ಅದಕ್ಕೆ ಒದ್ದೆ ಬೇಕು. ಬೂದಿ ರೋಗದ ಬೀಜಾಣುವಿಗೆ ಒದ್ದೆ ಎಲೆ ಬೇಕಿಲ್ಲ. ಗಾಳಿಯಲ್ಲಿ ತೇವವಿದ್ದು ಎಲೆ ಒಣಗಿದ್ದರೆ ಅದಕ್ಕೆ ಹಬ್ಬ. ಎಲೆಯ ಮೇಲೆ ನೀರು ನಿಂತರೆ ಎಷ್ಟೋ ಬೀಜಾಣುಗಳು ಕೆಟ್ಟೇ ಹೋಗುತ್ತವೆ. ಮಳೆಗಾಲದ ಪಾಠವನ್ನು ಕಣ್ಣುಮುಚ್ಚಿ ಇಲ್ಲಿಗೆ ತಂದರೆ ಉಪಯೋಗವಿಲ್ಲ.

ಬ್ರೆಜಿಲಿನ ವಾಗ್ನರ್ ಬೆಟ್ಟಿಯೋಲ್ 1999ರಲ್ಲಿ ಹಸಿರುಮನೆಯ ಜುಕಿನಿ ಗಿಡಗಳ ಬೂದಿ ರೋಗಕ್ಕೆ ಹಸುವಿನ ಹಾಲು ಸಿಂಪಡಿಸಿ ಒಳ್ಳೆಯ ಫಲ ಕಂಡದ್ದನ್ನು ಪ್ರಕಟಿಸಿದ್ದರು. ಒಂದು ಪಾಲು ಹಾಲು, ಒಂಬತ್ತು ಪಾಲು ನೀರು. ಒಂದು ಸೌತೆ ಬಳ್ಳಿಗೆ ವಾರಕ್ಕೊಮ್ಮೆ ಬೆಳಿಗ್ಗೆ ಬಿಸಿಲಿನಲ್ಲಿ ಹಾಲು, ಇನ್ನೊಂದಕ್ಕೆ ಬೆಳಿಗ್ಗೆ ಬರಿ ನೀರು, ಎಲೆಯ ಎರಡೂ ಮೈಗೆ. ಹಾಲಿನ ಬಳ್ಳಿಯಲ್ಲಿ ಹೊಸ ಎಲೆಗಳು ಬಹುಕಾಲ ಚೊಕ್ಕಟವಾಗಿದ್ದವು. ನೀರಿನ ಬಳ್ಳಿ ಅಷ್ಟು ಚೆನ್ನಾಗಿರಲಿಲ್ಲ, ಆದರೆ ನಾನು ನಿರೀಕ್ಷಿಸಿದ್ದಷ್ಟು ಹಾಳಾಗಲೂ ಇಲ್ಲ. ಆಗಲೇ ಪೂರ್ತಿ ಬೆಳ್ಳಗಾಗಿದ್ದ ಎಲೆಗಳಿಗೆ ಎರಡೂ ಉಪಯೋಗಕ್ಕೆ ಬರಲಿಲ್ಲ. ಕತ್ತರಿಸಿ ತೆಗೆದೆ, ಕತ್ತರಿಯನ್ನು ಪ್ರತಿ ಬಾರಿ ಸ್ಪಿರಿಟಿನಲ್ಲಿ ಒರೆಸಿ. ಎರಡು ಬಳ್ಳಿಗಳ ಮೇಲೆ ನೋಡಿದ್ದನ್ನು ಪ್ರಯೋಗ ಎನ್ನಲಾಗುವುದಿಲ್ಲ ಎಂಬುದು ನಿಜ. ಹಾಲು ಹೆಚ್ಚು ದಪ್ಪವಾದರೆ ಎಲೆಯ ಮೇಲೆ ಹುಳಿತು ಬೇರೆ ಬೂಷ್ಟು ಬರುತ್ತದೆ.

ಅಡುಗೆ ಸೋಡಾ ಬೇಡವೆಂದೇ ಬಿಟ್ಟೆ. ಅದರ ಸೋಡಿಯಂ ಕುಂಡದ ಮಣ್ಣಿನಲ್ಲಿ ಉಳಿಯುತ್ತದೆ, ಪ್ರಮಾಣ ತಪ್ಪಿದರೆ ಎಲೆ ಸುಡುತ್ತದೆ. ಗಂಧಕದ ಪುಡಿ ಬೂದಿ ರೋಗಕ್ಕೆ ಹಳೆಯ, ಒಳ್ಳೆಯ ಮದ್ದು. ಆದರೆ ಸೌತೆ ಜಾತಿಯ ಕೆಲವು ತಳಿಗಳಿಗೆ ಅದು ಆಗದು, 32 ಡಿಗ್ರಿ ದಾಟಿದರೆ ಎಲೆ ಸುಡುತ್ತದೆ, ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಬಳಸುವಂತಿಲ್ಲ. ಮುಂಬಯಿಯಲ್ಲಿ ಜನವರಿಯ ಮಧ್ಯಾಹ್ನವೂ ಎಷ್ಟೋ ಸಲ 32 ಮುಟ್ಟುತ್ತದೆ. ಮೆಣಸಿನ ಗಿಡಕ್ಕೆ ಮಾತ್ರ ಒಮ್ಮೆ, ಲೀಟರಿಗೆ ಎರಡು ಗ್ರಾಂ ನೀರಿನಲ್ಲಿ ಬೆರೆಯುವ ಗಂಧಕವನ್ನು ಸಂಜೆ ಹೊಡೆದೆ.

ಫೆಬ್ರುವರಿಯ ಕೊನೆಗೆ ಸೌತೆ ಬಳ್ಳಿಗಳನ್ನು ಕಿತ್ತಾಯಿತು. ಕಾಯಿ ಮನೆಗೆ ಸಾಕಾಗುವಷ್ಟು ಬಂದವು. ಆ ಎರಡು ಕುಂಡಗಳ ಮಣ್ಣು ಏಪ್ರಿಲಿನಲ್ಲಿ ಮತ್ತೆ ತಾರಸಿಗೆ ಹೋಗುತ್ತದೆ, ಪ್ಲಾಸ್ಟಿಕ್ ಹಾಳೆ ಒಗೆದು ಮಡಚಿಟ್ಟಿದ್ದೇನೆ. ಪಾಲಿಕಾರ್ಬೊನೇಟಿನ ಮೇಲೆ ಪಾರಿವಾಳದ ಹಿಕ್ಕೆ ಮತ್ತು ಹಸಿರು ಪಾಚಿ ಕೂತು ಬೆಳಕು ಕಡಿಮೆಯಾಗಿದೆ. ಸಾಬೂನು ನೀರು, ಮೆತ್ತನೆಯ ಬಟ್ಟೆಯಲ್ಲಿ ತೊಳೆಯಬೇಕು, ನಾರು ಹಾಕಿ ಉಜ್ಜಿದರೆ ಗೀರು ಬೀಳುತ್ತದೆ. ಫ್ಯಾನಿನ ಬೇರಿಂಗ್ ಗೊರಗೊರ ಎನ್ನತೊಡಗಿದೆ. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆಗೆ ಹೋದಾಗ ನೀರು ತಡೆಯುವ ಜಾತಿಯದು ಸಿಗುತ್ತದೆಯೇ ನೋಡಬೇಕು; ಮೇ ಒಳಗೆ ಬದಲಾಯಿಸದಿದ್ದರೆ ಜೂನ್‌ನಲ್ಲಿ ಪರದಾಡಬೇಕಾಗುತ್ತದೆ.